ಬಿಸಿಲಿಗೆ ಹಸುವಿಗೆ ಸೊಪ್ಪೆ (ಜೋಳದ ಒಣದಂಟು) ಜೀರ್ಣ ಆಗ್ತಿಲ್ಲ, ಅದನ್ನು ಕಡಿಮೆ ಮಾಡಿ ಫೀಡ್ (ಕಾಳು-ಹಿಂಡಿ ಮಿಶ್ರಣ) ಜಾಸ್ತಿ ಮಾಡಲಾ?

ಸೊಪ್ಪೆ ಕಡಿಮೆ ಮಾಡಬೇಡಿ. ನಮ್ಮದೂ ಬಳ್ಳಾರಿ ಕಡೆಯೇ, ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸುಗಳೇ. ಏಪ್ರಿಲ್‌ನಲ್ಲಿ ಹಾಲೂ ಅದರ ಫ್ಯಾಟೂ (ಕೊಬ್ಬಿನಂಶ) ಒಟ್ಟಿಗೆ ಇಳಿದಾಗ ಎಲ್ಲರ ತಲೆಗೂ ಮೊದಲು ಬರುವುದು ನೀವು ಕೇಳಿದ ಈ ಉಪಾಯವೇ. ಆದರೆ ನೀವು ಅಂದುಕೊಂಡದ್ದರ ಬುಡವೇ ಸರಿಯಿಲ್ಲ. ಸೆಖೆಯಲ್ಲಿ ಹೊಟ್ಟೆಯ ಚಲನೆ ನಿಧಾನವಾಗಿ ಮೇವು ಒಳಗೆ ಹೆಚ್ಚು ಹೊತ್ತು ಉಳಿಯುತ್ತದೆ. ಹಾಗಾಗಿ ನಾರು ಸಾಮಾನ್ಯವಾಗಿ ತುಸು ಹೆಚ್ಚೇ ಕರಗುತ್ತದೆ. ಮೇವು ಬೇಗ ಸಾಗಿ ಅರೆಜೀರ್ಣವಾಗಿ ಹೊರಬೀಳುವುದು ಕೆನಡಾದ ಆಲ್ಬರ್ಟಾದಂಥ ಕಡುಚಳಿಯ ಕಡೆ. ನಿಮ್ಮ ಹಸು ತಿನ್ನುವುದನ್ನೇ ಕಡಿಮೆ ಮಾಡಿದೆ, ಅಷ್ಟೇ. ನಾರು ಹುದುಗುವಾಗ ಹೊಟ್ಟೆಯೊಳಗೆ ಶಾಖ ಹುಟ್ಟುತ್ತದೆ, ಹೊರಗಿನ 40 ಡಿಗ್ರಿಯಲ್ಲಿ ಆ ಶಾಖ ಹೊರಹಾಕಲು ಅದಕ್ಕೆ ದಾರಿಯಿಲ್ಲ.

ಈಗ ಫೀಡ್ ಏರಿಸಿದರೆ ಏನಾಗುತ್ತದೆ ನೋಡಿ. ಏದುಸಿರು ಬಿಡುವ ಹಸುವಿನ ರಕ್ತದಿಂದ ಇಂಗಾಲದ ಡೈಆಕ್ಸೈಡ್ ಜಾಸ್ತಿ ಹೋಗುತ್ತದೆ. ಅದನ್ನು ಸರಿದೂಗಿಸಲು ಮೂತ್ರಪಿಂಡ ಬೈಕಾರ್ಬೊನೇಟ್ ಹೊರಹಾಕುತ್ತದೆ. ಹೊಟ್ಟೆಯ ಹುಳಿಯನ್ನು ತಣಿಸುವುದು ಜೊಲ್ಲಿನಲ್ಲಿರುವ ಈ ಬೈಕಾರ್ಬೊನೇಟೇ. ಇದ್ದಬದ್ದ ಜೊಲ್ಲೂ ನೆಲಕ್ಕೆ ಸುರಿಯುತ್ತಿರುತ್ತದೆ, ಮೆಲುಕು ಕಮ್ಮಿಯಾಗಿ ಹೊಸ ಜೊಲ್ಲೂ ಬರುವುದಿಲ್ಲ. ಇದರ ಮೇಲೆ ಫೀಡ್‌ನಲ್ಲಿರುವ ಮೆಕ್ಕೆಜೋಳದ ಪಿಷ್ಟ ಬಿದ್ದರೆ ಹುಳಿ ಏರಿ, ಪಿಎಚ್ (ಹುಳಿ ಏರಿದಷ್ಟೂ ಇಳಿಯುವ ಅಳತೆ) 6ರ ಕೆಳಗೆ ಇಳಿದಾಗ ನಾರು ಕರಗಿಸುವ ಸೂಕ್ಷ್ಮಾಣುಗಳು ಕೆಲಸ ನಿಲ್ಲಿಸುತ್ತವೆ. ಸೊಪ್ಪೆ ನಿಜಕ್ಕೂ ಜೀರ್ಣವಾಗದೇ ಹೋಗುವುದು ಆಗ. ಫ್ಯಾಟ್ ಇನ್ನಷ್ಟು ಬೀಳುತ್ತದೆ, ಸಗಣಿ ತೆಳ್ಳಗಾಗಿ ನೊರೆಗುಳ್ಳೆ, ಕಾಳಿನ ಚೂರು ಕಾಣುತ್ತವೆ, ಹಸು ಒಂದು ದಿನ ತಿಂದು ಮರುದಿನ ಬಿಡುತ್ತದೆ. ಕೆಲ ವಾರಗಳ ಮೇಲೆ ಗೊರಸು ನೋವು. ಆಗ ಯಾರಿಗೂ ಏಪ್ರಿಲ್‌ನ ಫೀಡ್ ನೆನಪಾಗುವುದಿಲ್ಲ.

ಬದಲಿಸಬೇಕಾದ್ದು ಹೊತ್ತು. ಬೆಳಿಗ್ಗೆ 9ಕ್ಕೆ ಗೋದಲಿ ತುಂಬ ಸೊಪ್ಪೆ ಹಾಕಿದರೆ ಅದರ ಶಾಖ ನಡುಮಧ್ಯಾಹ್ನದ ಬಿಸಿಲಿನ ಜೊತೆಗೇ ಸೇರುತ್ತದೆ. ಒಣಮೇವಿನ ಮೂರರಲ್ಲಿ ಎರಡು ಪಾಲು ರಾತ್ರಿ 8ರ ಮೇಲೆ ಹಾಕಿ, ಉಳಿದದ್ದು ಬೆಳಿಗ್ಗೆ 5ಕ್ಕೆ. 10ರಿಂದ 4ರವರೆಗೆ ಸ್ವಲ್ಪ ಹಸಿಮೇವು, ನೀರು ಸಾಕು. ಸೊಪ್ಪೆಯನ್ನು ಚಾಫ್ ಕಟರ್‌ನಲ್ಲಿ 2–3 ಸೆಂ.ಮೀ.ಗೆ ಕತ್ತರಿಸಿ, ಪುಡಿ ಮಾಡಿದರೆ ಮೆಲುಕೇ ಇರುವುದಿಲ್ಲ.

400 ಕೆಜಿ ತೂಗಿ 10 ಲೀಟರ್ ಕೊಡುವ ಹಸುವಿಗೆ ಫೀಡ್ 5.5 ಕೆಜಿ ಸಾಕು, ಒಂದು ಸಲಕ್ಕೆ 2 ಕೆಜಿ ಮೀರದಂತೆ ಮೂರು ಪಾಲು. ಅದರಲ್ಲೇ ದಿನಕ್ಕೆ 100 ಗ್ರಾಂ ಅಡುಗೆ ಸೋಡಾ, 50 ಗ್ರಾಂ ಖನಿಜ ಮಿಶ್ರಣ ಕಲಸಿ. ಸೋಡಾವನ್ನು ನೀರಿನಲ್ಲಿ ಕರಗಿಸಿ ಗೊಟ್ಟದಲ್ಲಿ ಹೊಯ್ಯಬೇಡಿ. ನೀರು 80ರಿಂದ 100 ಲೀಟರ್ ಬೇಕು. ಮಾಳಿಗೆಯ ಕಪ್ಪು ಟ್ಯಾಂಕಿನ ನೀರು ಮಧ್ಯಾಹ್ನ ಕೈಗೇ ಬಿಸಿ ತಾಗುತ್ತದೆ, ಹಸು ಮೂತಿ ಇಟ್ಟು ತಿರುಗುತ್ತದೆ. ನೆರಳಲ್ಲಿ ತೊಟ್ಟಿ ಕಟ್ಟಿಸಿ.

ಸರಿಹೋಗಿದೆಯೋ ಅಂತ ನೋಡಲು ರಾತ್ರಿ 11ಕ್ಕೆ ಕೊಟ್ಟಿಗೆಗೆ ಹೋಗಿ. ಮಲಗಿದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೆಲುಕು ಹಾಕುತ್ತಿರಬೇಕು, ಒಂದು ಉಂಡೆಗೆ 50–60 ಸಲ ಜಗಿಯಬೇಕು. 40ಕ್ಕಿಂತ ಕಮ್ಮಿಯಾದರೆ ಫೀಡ್ ಅರ್ಧ ಕೆಜಿ ಇಳಿಸಿ.