ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶದಲ್ಲಿ ಹಳೆಯ ಮೇಲ್‌ಗಳು ತಾವಾಗಿಯೇ ಅಳಿಸಿಹೋಗುವಂತೆ ಮಾಡುವುದು ಹೇಗೆ? ಅಳಿಸಿದ ಮೇಲೂ ಡಿಸ್ಕ್‌ನಲ್ಲಿ ಜಾಗ ಯಾಕೆ ಸಿಗುವುದಿಲ್ಲ?

ಪ್ರತಿ ಫೋಲ್ಡರ್‌ಗೂ ಬೇರೆ ಬೇರೆ ಗಡುವು ಕೊಡಬಹುದು. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ, ರಿಟೆನ್ಶನ್ ಪಾಲಿಸಿ ಟ್ಯಾಬ್‌ಗೆ ಹೋಗಿ. ಮೊದಲು ‘ಖಾತೆಯ ಸೆಟ್ಟಿಂಗ್ ಬಳಸು’ ಎಂಬರ್ಥದ ಟಿಕ್ ತೆಗೆಯಿರಿ. ಅದು ಇರುವತನಕ ಕೆಳಗಿನ ಆಯ್ಕೆಗಳು ಮಸುಕಾಗಿಯೇ ಇರುತ್ತವೆ. ಆಮೇಲೆ ಎರಡು ದಾರಿ: ಇತ್ತೀಚಿನ ಇಷ್ಟು ಮೇಲ್ ಮಾತ್ರ ಉಳಿಸು, ಇಲ್ಲವೇ ಇಷ್ಟು ದಿನಕ್ಕಿಂತ ಹಳೆಯದನ್ನು ಅಳಿಸು. ಬ್ಯಾಂಕ್ ಓಟಿಪಿ, ಜಾಹೀರಾತಿನ ಫೋಲ್ಡರ್‌ಗೆ 30 ದಿನ ಧಾರಾಳವಾಯಿತು. ನಕ್ಷತ್ರ ಹಾಕಿದ ಮೇಲ್‌ಗಳನ್ನು ಉಳಿಸುವ ಟಿಕ್ ಅನ್ನು ಮಾತ್ರ ಬಿಡಬೇಡಿ.

ಇಲ್ಲೇ ಅನೇಕರು ಎಡವುವುದು: ಐಮ್ಯಾಪ್ ಖಾತೆಯಲ್ಲಿ (ಮೇಲ್‌ಗಳು ಸರ್ವರ್‌ನಲ್ಲೇ ಇದ್ದು, ಯಂತ್ರದೊಂದಿಗೆ ಹೊಂದಿಕೊಳ್ಳುವ ಬಗೆಯದು) ಸರ್ವರ್‌ನಲ್ಲಿರುವ ಮೂಲ ಮೇಲ್ ಕೂಡ ಹೋಗುತ್ತದೆ. ಹೀಗೆ ಹೋದದ್ದನ್ನು ಕಸದ ಫೋಲ್ಡರ್‌ನಲ್ಲಿ ಹುಡುಕಿ ಪ್ರಯೋಜನವಿಲ್ಲ. ಇನ್‌ಬಾಕ್ಸ್‌ಗೆ ಈ ನಿಯಮ ಹಾಕುವುದು ನನ್ನ ಪ್ರಕಾರ ದುಡುಕು. ನ್ಯೂಸ್‌ಗ್ರೂಪ್‌ಗಳ, ಅಂದರೆ ಥಂಡರ್‌ಬರ್ಡ್‌ನಲ್ಲೇ ಓದಬಹುದಾದ ಸಾರ್ವಜನಿಕ ಚರ್ಚಾ ಗುಂಪುಗಳ ಕಥೆ ಬೇರೆ. ಅಲ್ಲಿ ಹೋಗುವುದು ನಿಮ್ಮ ಯಂತ್ರದಲ್ಲಿರುವ ಪ್ರತಿ ಮಾತ್ರ. ಸರ್ವರ್ ಎಷ್ಟು ದಿನ ಇಟ್ಟುಕೊಳ್ಳಬೇಕೆಂಬುದನ್ನು ಅದನ್ನು ನಡೆಸುವವರೇ ತೀರ್ಮಾನಿಸುತ್ತಾರೆ.

ಇನ್ನು ಜಾಗದ ವಿಷಯ. ಥಂಡರ್‌ಬರ್ಡ್ ಸಾಮಾನ್ಯವಾಗಿ ಒಂದು ಫೋಲ್ಡರ್‌ನ ಮೇಲ್‌ಗಳನ್ನೆಲ್ಲ ಎಂಬಾಕ್ಸ್ ಎಂಬ ಒಂದೇ ಉದ್ದನೆಯ ಫೈಲಿನಲ್ಲಿ ಸಾಲಾಗಿ ಬರೆದಿಡುತ್ತದೆ. ಅಳಿಸಿದಾಗ ‘ಇದು ಬೇಡ’ ಎಂಬ ಗುರುತು ಬೀಳುತ್ತದೆ ಅಷ್ಟೇ, ಅಕ್ಷರಗಳು ಅಲ್ಲೇ ಇರುತ್ತವೆ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಕಾಂಪ್ಯಾಕ್ಟ್ ಒತ್ತಿದರೆ ಉಳಿದ ಮೇಲ್‌ಗಳನ್ನಷ್ಟೇ ಹೊಸ ಫೈಲಿಗೆ ನಕಲಿಸಿ ಹಳೆಯದನ್ನು ತೆಗೆದುಹಾಕುತ್ತದೆ. ಆ ಹೊತ್ತಿಗೆ ಎರಡೂ ಫೈಲು ಒಟ್ಟಿಗೆ ಇರುವುದರಿಂದ ಡಿಸ್ಕ್ ಪೂರ್ತಿ ತುಂಬುವ ಮೊದಲೇ ಇದನ್ನು ಮಾಡಿ.