ತವರಿನಿಂದ ಬಂದ ಎತ್ತರ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಸೋಮವಾರಪೇಟೆ ಕಡೆಯ ಕಾಫಿ ಬೆಳೆಗಾರ ದಂಪತಿ ತಮ್ಮ 18 ವರ್ಷದ ಕಿರಿಯ ಮಗನನ್ನು ಕರೆತಂದಿದ್ದರು. ಅಜ್ಜ ಸುಬೇದಾರರಾಗಿ ನಿವೃತ್ತರಾದವರು, ಅಣ್ಣನ ಎತ್ತರ 177 ಸೆಂ.ಮೀ.; ಸೇನೆಗೆ ಸೇರಲು ಹಂಬಲಿಸುತ್ತಿದ್ದ ಈ ಹುಡುಗ 166ಕ್ಕೆ ನಿಂತಿದ್ದ. ಒಂದು ವರ್ಷದಿಂದ ಕಣದ ಶೆಡ್ಡಿನ ಕಬ್ಬಿಣದ ಪೈಪಿಗೆ ದಿನವೂ ಜೋತುಬೀಳುತ್ತಿದ್ದ, ಎತ್ತರ ಹೆಚ್ಚಿಸುವುದೆಂಬ ಪುಡಿಯನ್ನು ತರಿಸಿ ಕುಡಿಯುತ್ತಿದ್ದ, ನೆಂಟರ ಮದುವೆಗಳಿಗೆ ಹೋಗುವುದನ್ನೇ ಬಿಟ್ಟಿದ್ದ. "ನಮ್ಮ ಮನೆತನದಲ್ಲಿ ಗಿಡ್ಡರಿಲ್ಲ ಮೇಡಂ, ಇದು ಇವಳ ತವರಿನಿಂದ ಬಂದದ್ದು" ಎಂದು ತಂದೆ ಹೇಳಿದಾಗ ತಾಯಿ ತಲೆಯೆತ್ತಲಿಲ್ಲ. ಹುಡುಗನ ಎತ್ತರಕ್ಕಿಂತ ಈ ಮಾತಿಗೇ ಮೊದಲು ಮದ್ದು ಬೇಕೆಂದು ನನಗನ್ನಿಸಿತು.

ತೋಟದ ಸಿಲ್ವರ್ ಓಕ್ ಮರಕ್ಕೆ ಪ್ರತಿ ಹುಟ್ಟುಹಬ್ಬದಂದು ಮಗನನ್ನು ಒರಗಿಸಿ ತಾಯಿ ಕತ್ತಿಯಿಂದ ಗೀರು ಹಾಕಿದ್ದರು. ಮರದ ಜೊತೆ ಗೀರೂ ಮೇಲೇರಿರಬಹುದೆಂದು ತಂದೆ ಅದನ್ನು ನಂಬಿರಲಿಲ್ಲ. ಮರ ಉದ್ದವಾಗುವುದು ತುದಿಯಲ್ಲಿ, ಬುಡದ ಕಾಂಡ ದಪ್ಪವಾಗುತ್ತದೆಯೇ ಹೊರತು ಗೀರು ಇದ್ದಲ್ಲೇ ಇರುತ್ತದೆ. ಆ ಗೀರುಗಳು 13ರಿಂದ 15ರ ನಡುವೆ ದೂರದೂರವಿದ್ದು ಕೊನೆಯೆರಡು ಒಂದಕ್ಕೊಂದು ತಾಗುವಂತಿದ್ದವು. ವೈದ್ಯರು ತೆಗೆಸಿದ ಎಡ ಮಣಿಕಟ್ಟಿನ ಎಕ್ಸ್‌ರೇಯಲ್ಲಿ ಮೂಳೆಯ ತುದಿಯ ಬೆಳವಣಿಗೆ ಪಟ್ಟಿಗಳು ಮುಚ್ಚಿಕೊಂಡಿದ್ದವು, ಅಂದರೆ ಮೂಳೆ ಇನ್ನು ಉದ್ದವಾಗುವುದಿಲ್ಲ. ಬೇರೆ ಕಾಯಿಲೆಯ ಲಕ್ಷಣವಿರಲಿಲ್ಲ.

ತಂದೆ 178, ತಾಯಿ 154. ಗಂಡುಮಗುವಿಗೆ ಇಬ್ಬರ ಎತ್ತರದ ಮೊತ್ತಕ್ಕೆ 13 ಸೇರಿಸಿ ಅರ್ಧ ಮಾಡಿದರೆ ನಿರೀಕ್ಷಿತ ಎತ್ತರ 172.5 ಬರುತ್ತದೆ, ಅದರ ಆಚೀಚೆ ಎಂಟೊಂಬತ್ತು ಸೆಂ.ಮೀ. ವ್ಯತ್ಯಾಸ ಸಹಜವಾದುದರಿಂದ 166 ಆ ಮಿತಿಯೊಳಗೇ ಇದೆ. ಎತ್ತರವನ್ನು ಒಂದೇ ವಂಶವಾಹಿ ನಿರ್ಧರಿಸುವುದಿಲ್ಲ: 2022ರಲ್ಲಿ ಪ್ರಕಟವಾದ, 54 ಲಕ್ಷ ಜನರ ಮಾಹಿತಿಯನ್ನು ಒಟ್ಟುಗೂಡಿಸಿದ ಅಧ್ಯಯನವು ಎತ್ತರಕ್ಕೆ ಸಂಬಂಧಿಸಿದ 12,111 ವಂಶವಾಹಿ ವ್ಯತ್ಯಾಸಗಳನ್ನು ಗುರುತಿಸಿದೆ, ಬಹುಪಾಲು ಒಂದೊಂದರ ಪರಿಣಾಮವೂ ಅತ್ಯಲ್ಪ. ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಬಂದರೂ ಯಾವ ಅರ್ಧ ಎಂಬುದು ಪ್ರತಿ ಮಗುವಿಗೂ ಹೊಸದಾಗಿ ಕಲೆಸಿ ಹಂಚಿದ ಇಸ್ಪೀಟಿನಂತೆ. ಅಣ್ಣನಿಗೆ ಎತ್ತರ ಕೊಟ್ಟದ್ದರಲ್ಲೂ ಇದೇ ತಾಯಿಯ ಪಾಲಿದೆ ಎಂದಾಗ ತಂದೆ ಸುಮ್ಮನಾದರು.

"ಎತ್ತರ ಶೇ. 80 ವಂಶದಿಂದ ಬರುತ್ತದೆ ಅಂತಾರೆ, ಹಾಗಾದರೆ ಉಳಿದ 20 ಪುಡಿಯಿಂದ ಬರಬಹುದಲ್ಲ?" ಎಂದು ಹುಡುಗ ಕೇಳಿದ. ಶೇ. 80 ಎಂಬುದು ಜನರ ನಡುವಿನ ಎತ್ತರದ ವ್ಯತ್ಯಾಸದಲ್ಲಿ ವಂಶವಾಹಿಗಳ ಪಾಲು ಎಷ್ಟೆಂಬ ಅಂದಾಜೇ ಹೊರತು ಒಬ್ಬನ ಮೈಯ ಸೆಂಟಿಮೀಟರುಗಳ ಲೆಕ್ಕವಲ್ಲ. ಪೋಷಣೆಗೆ ಮಹತ್ವವಿದೆ, ದಕ್ಷಿಣ ಕೊರಿಯಾದ ಹೆಂಗಸರ ಸರಾಸರಿ ಎತ್ತರ ಒಂದು ಶತಮಾನದಲ್ಲಿ ಸುಮಾರು 20 ಸೆಂ.ಮೀ. ಏರಿತು; ಆದರೆ ಅದು ಕೆಲಸ ಮಾಡುವುದು ಮೂಳೆ ಬೆಳೆಯುವ ವಯಸ್ಸಿನಲ್ಲಿ. ಜೋತುಬಿದ್ದ ಮೇಲೆ ಕಾಣುವ ಒಂದು ಸೆಂ.ಮೀ. ಬೆನ್ನುಮೂಳೆಯ ನಡುವಿನ ಬಿಲ್ಲೆಗಳು ಸಡಿಲಗೊಂಡದ್ದು, ಸಂಜೆಯೊಳಗೆ ಇಳಿದುಹೋಗುತ್ತದೆ.

ಪುಡಿ ನಿಲ್ಲಿಸಲು, ವ್ಯಾಯಾಮವನ್ನು ಓಟದ ತಯಾರಿಗಾಗಿ ಮುಂದುವರಿಸಲು, ಅರ್ಹತೆಯ ಎತ್ತರವನ್ನು ಊರವರ ಬಾಯಿಂದಲ್ಲದೆ ಆಯಾ ವರ್ಷದ ನೇಮಕಾತಿ ಅಧಿಸೂಚನೆಯಲ್ಲೇ ನೋಡಲು ಹೇಳಿದೆ. ಅವರು ವಿಚಾರಿಸಿದ ದುಬಾರಿ ವಂಶವಾಹಿ ಪರೀಕ್ಷೆ ಬೇಡವೆಂದೆ: ಆ ದೊಡ್ಡ ಅಧ್ಯಯನದಲ್ಲಿ ಬಹುಪಾಲು ಜನ ಯುರೋಪಿಯನ್ ಮೂಲದವರಾದುದರಿಂದ ಅದರ ಲೆಕ್ಕಾಚಾರ ನಮ್ಮವರಿಗೆ ಅಷ್ಟು ಹೊಂದುವುದಿಲ್ಲ, ಮೇಲಾಗಿ ಎತ್ತರ ನಿಂತವನಿಗೆ ಭವಿಷ್ಯ ಹೇಳಿ ಫಲವಿಲ್ಲ. ತವರಿನ ಮಾತು ಇನ್ನು ಮನೆಯಲ್ಲಿ ಬರಕೂಡದೆಂದು ತಂದೆಗೆ ಬೇರೆಯಾಗಿ ಕೂರಿಸಿ ಹೇಳಿದೆ. ಮುಂದಿನ ಭೇಟಿಗೆ ಹುಡುಗ ಒಬ್ಬನೇ ಬರುತ್ತಾನೆ.