‘ಸಿಟಿಜನ್‌ಗಳಿಗೆ ಮಾತ್ರ’ ಅಂತ ಓದಿ ಲ್ಯಾಪ್‌ಟಾಪ್ ಮುಚ್ಚಬೇಡ

ತಂಗೀ, ಮೇಡಂ ಗೀಡಂ ಎಲ್ಲ ಬೇಡ, ಅಕ್ಕ ಅಂದರೆ ಸಾಕು.

ನೀನು ಕೇಳಿದ್ದು ಇಷ್ಟು. ಅಮೆರಿಕಕ್ಕೆ ಬಂದು ಒಂದು ಸೆಮಿಸ್ಟರ್ ಮುಗಿದಿದೆ, ಬಯಾಲಜಿ ಡಿಗ್ರಿಯ ಮೊದಲ ವರ್ಷ. ಬೇಸಿಗೆ ರಜೆಯಲ್ಲಿ ಲ್ಯಾಬ್‌ನಲ್ಲಿ ರಿಸರ್ಚ್ ಮಾಡುವ ಆಸೆ. ಆದರೆ ದುಡ್ಡು ಕೊಡುವ ಯಾವ ಪ್ರೋಗ್ರಾಂ ನೋಡಿದರೂ ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ ಅಂತ ಬರೆದಿದೆ. ಎಫ್-1 ವೀಸಾದವರಿಗೆ, ಅಂದರೆ ಓದೋಕೆ ಬಂದವರಿಗೆ, ಏನೂ ಇಲ್ವಾ?

ಇದೆ. ಆದರೆ ನೀನು ಹುಡುಕುತ್ತಿರುವ ಜಾಗದಲ್ಲಿ ಇಲ್ಲ.

ಎಲ್ಲರ ಬಾಯಲ್ಲೂ ಇರುವುದು ವಿಜ್ಞಾನಕ್ಕೆ ದುಡ್ಡು ಕೊಡುವ ಸರ್ಕಾರಿ ಸಂಸ್ಥೆ ನ್ಯಾಷನಲ್ ಸೈನ್ಸ್ ಫೌಂಡೇಶನ್‌ನ (ಎನ್ಎಸ್ಎಫ್) ಆರ್‌ಇಯು ಪ್ರೋಗ್ರಾಂ. ಬೇರೆ ಕ್ಯಾಂಪಸ್ಸಿಗೆ ಹೋಗಿ ಸುಮಾರು ಹತ್ತು ವಾರ ರಿಸರ್ಚ್ ಮಾಡುವುದು, ಸ್ಟೈಪೆಂಡ್ (ಖರ್ಚಿಗೆ ಅಂತ ಕೊಡುವ ಮೊತ್ತ) ಸಿಗುತ್ತದೆ. ಆ ದುಡ್ಡು ಸಿಟಿಜನ್, ಗ್ರೀನ್ ಕಾರ್ಡ್‌ನವರಿಗೇ ಮೀಸಲು. ವಿಜ್ಞಾನ ಓದುವ ಡಿಗ್ರಿ ವಿದ್ಯಾರ್ಥಿಗಳಿಗೆ ಕೊಡುವ ಗೋಲ್ಡ್‌ವಾಟರ್ ಸ್ಕಾಲರ್‌ಶಿಪ್ಪೂ ನಮಗಲ್ಲ. ಲ್ಯಾಬ್ ಕೆಲಸದ ನೋಟಿಸಿನಲ್ಲಿ ‘ವರ್ಕ್-ಸ್ಟಡಿ’ ಇದ್ದವರು ಬೇಕು ಅಂತ ಇದ್ದರೆ ಅದೂ ನಮ್ಮದಲ್ಲ, ಅದು ಸರ್ಕಾರದ ನೆರವು. ಇವುಗಳ ಹಿಂದೆ ನಾನು ಒಂದಿಡೀ ಚಳಿಗಾಲ ಹಾಳು ಮಾಡಿದ್ದೇನೆ, ಕೊನೇ ಪುಟಕ್ಕೆ ಬಂದ ಮೇಲೆ ಅರ್ಹತೆ ಓದುತ್ತಿದ್ದೆ. ನೀನು ಅದನ್ನೇ ಮೊದಲು ಓದು.

ನಿನಗೆ ಸಿಗುವ ದುಡ್ಡು ಹೆಚ್ಚಾಗಿ ನಿನ್ನ ಕ್ಯಾಂಪಸ್ಸಿನೊಳಗೇ ಇರುತ್ತದೆ. 1969ರಲ್ಲಿ ಎಂಐಟಿಯಲ್ಲಿ ಮಾರ್ಗರೆಟ್ ಮ್ಯಾಕ್‌ವಿಕರ್ ಯುರಾಪ್ ಅಂತ ಒಂದು ಪ್ರೋಗ್ರಾಂ ಶುರು ಮಾಡಿದರು. ಡಿಗ್ರಿ ಹುಡುಗರು ಪ್ರೊಫೆಸರ್ ಜೊತೆ ರಿಸರ್ಚ್ ಮಾಡಬಹುದು, ಅದಕ್ಕೆ ಸಂಬಳ ಅಥವಾ ಕ್ರೆಡಿಟ್ (ಡಿಗ್ರಿಗೆ ಲೆಕ್ಕಕ್ಕೆ ಬರುವ ಅಂಕ) ತಗೋಬಹುದು. ಈಗ ಇದೇ ಥರದ ಏರ್ಪಾಡು ಎಷ್ಟೋ ಯೂನಿವರ್ಸಿಟಿಗಳಲ್ಲಿದೆ. ನಿನ್ನಲ್ಲೂ ‘ಅಂಡರ್‌ಗ್ರಾಜುಯೇಟ್ ರಿಸರ್ಚ್ ಆಫೀಸ್’ ಅಂತ ಒಂದು ಬಾಗಿಲು ಇರಬಹುದು, ಹುಡುಕು. ಯೂನಿವರ್ಸಿಟಿ ತನ್ನ ಸ್ವಂತ ದುಡ್ಡು ಕೊಡುವಾಗ ಪಾಸ್‌ಪೋರ್ಟ್ ಕೇಳುವುದು ಕಡಿಮೆ. ಆನರ್ಸ್ ಕಾಲೇಜು, ನಿನ್ನ ಡಿಪಾರ್ಟ್‌ಮೆಂಟು, ಹಳೇ ವಿದ್ಯಾರ್ಥಿಗಳು ಇಟ್ಟ ನಿಧಿ, ಇವನ್ನೂ ಕೇಳು. ಸಣ್ಣ ನಿಧಿಗಳಿಗೆ ಅರ್ಜಿ ಹಾಕುವವರೂ ಕಡಿಮೆ.

ಇನ್ನೊಂದು ದಾರಿ ಪ್ರೊಫೆಸರ್‌ರ ಗ್ರ್ಯಾಂಟ್, ಅಂದರೆ ಅವರ ರಿಸರ್ಚಿಗೆ ಸಿಕ್ಕ ಅನುದಾನ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಎನ್ಎಸ್ಎಫ್‌ನ ಮಾಮೂಲಿ ಗ್ರ್ಯಾಂಟಿನ ಬಜೆಟ್ಟಿನಲ್ಲಿ ಡಿಗ್ರಿ ವಿದ್ಯಾರ್ಥಿಗಳ ಕೂಲಿಗೆ ಅಂತಲೇ ಒಂದು ಸಾಲು ಇರುತ್ತದೆ. ಆರ್‌ಇಯುಗೆ ಇರುವ ಸಿಟಿಜನ್ ಷರತ್ತು ಇದಕ್ಕಿಲ್ಲ. ನಾನು ಒಂದು ಲ್ಯಾಬ್‌ನಲ್ಲಿ ಪೂರ್ತಿ ಸೆಮಿಸ್ಟರ್ ಪುಕ್ಕಟೆ ಟೆಸ್ಟ್ ಟ್ಯೂಬ್ ತೊಳೆದೆ. ಕೇಳಿದರೆ ಬೇಜಾರಾಗ್ತಾರೇನೋ ಅಂತ ಸುಮ್ನೆ ಇದ್ದೆ. ಕೊನೆಗೆ ಆ ಲ್ಯಾಬ್‌ನ ಪ್ರೊಫೆಸರ್ರೇ, ‘ನಿನಗೆ ಕ್ರೆಡಿಟ್ ಸಿಗ್ತಿದೆ ಅಂದ್ಕೊಂಡಿದ್ದೆ’ ಅಂದರು. ಕೇಳುವುದಕ್ಕೆ ಸಂಕೋಚ ಪಡಬೇಡ. ಇಲ್ಲಿ ಅದು ಮರ್ಯಾದೆ ಕೆಟ್ಟ ಮಾತಲ್ಲ.

ವೀಸಾ ವಿಷಯ. ಕ್ಯಾಂಪಸ್ಸಿನೊಳಗೆ ಸೆಮಿಸ್ಟರ್ ನಡೆಯುವಾಗ ವಾರಕ್ಕೆ 20 ಗಂಟೆ, ರಜೆಯಲ್ಲಿ ಫುಲ್ ಟೈಮ್ ಕೆಲಸ ಮಾಡಬಹುದು. ಮೊದಲ ವರ್ಷವೇ ಆದರೂ ಸರಿ. ಬೇರೆ ಊರಿನ ಲ್ಯಾಬ್ ಸಂಬಳ ಕೊಟ್ಟು ಕರೆದರೆ ಕತೆ ಬೇರೆ. ಅದಕ್ಕೆ ಸಾಮಾನ್ಯವಾಗಿ ಸಿಪಿಟಿ (ಓದಿನ ಭಾಗವಾಗಿ ಕ್ಯಾಂಪಸ್ಸಿನ ಹೊರಗೆ ಕೆಲಸ ಮಾಡಲು ಅನುಮತಿ) ಬೇಕು, ಸಿಪಿಟಿಗೆ ಒಂದು ಪೂರ್ತಿ ವರ್ಷ ಓದಿರಬೇಕು. ಇಂಟರ್‌ನ್ಯಾಷನಲ್ ಆಫೀಸಿನ ಅಡ್ವೈಸರ್ ಹೂಂ ಅನ್ನುವ ತನಕ ಒಂದು ದಿನವೂ ಕೆಲಸ ಶುರು ಮಾಡಬೇಡ. ‘ಅವಳು ಮಾಡಿದ್ಲು, ಏನೂ ಆಗಲಿಲ್ಲ’ ಅಂತ ರೂಮ್‌ಮೇಟ್ ಹೇಳಿದರೂ ಬೇಡ.

ದುಡ್ಡು ಕೊಡ್ತೀವಿ ಅಂದಾಗ ಒಂದು ಪ್ರಶ್ನೆ ಕೇಳು: ಇದು ಸಂಬಳವೋ ಸ್ಟೈಪೆಂಡೋ? ಸಂಬಳವಾದರೆ ಸೋಷಿಯಲ್ ಸೆಕ್ಯುರಿಟಿ ನಂಬರ್ (ಇಲ್ಲಿ ಕೆಲಸ ಮಾಡುವವರಿಗೆ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಮಾಡಿಸಬೇಕು, ಗಂಟೆ ಲೆಕ್ಕ ಬರೆಯಬೇಕು. ಎಫ್-1ನವರಿಗೆ ಮೊದಲ ಐದು ಕ್ಯಾಲೆಂಡರ್ ವರ್ಷ ಸಾಮಾನ್ಯವಾಗಿ ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್ ತೆರಿಗೆ (ಪಿಂಚಣಿ, ವೃದ್ಧರ ಆರೋಗ್ಯ ವಿಮೆಗೆ ಅಂತ ಸಂಬಳದಲ್ಲಿ ಹಿಡಿಯುವುದು) ಇಲ್ಲ. ಹಿಡಿದಿದ್ದರೆ ಪೇರೋಲ್‌ನವರನ್ನು ಕೇಳು. ಸ್ಟೈಪೆಂಡ್ ಆದರೆ ಮೊದಲೇ 14 ಪರ್ಸೆಂಟ್ ಆದಾಯ ತೆರಿಗೆ ಹಿಡಿದು ಕೊಡಬಹುದು. ನನಗೆ ಹೀಗೇ ಆಯಿತು. ಮನೆ ಬಾಡಿಗೆಗೆ ಅಂತ ಲೆಕ್ಕ ಹಾಕಿದ್ದ ದುಡ್ಡಲ್ಲಿ ಅಷ್ಟು ಕಡಿಮೆ. ಕೌಂಟರಿನಲ್ಲಿದ್ದವರು ‘ಅದು ಹಾಗೇ’ ಅಂದರು, ನಾನು ನಂಬಿದೆ. ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯ ಪ್ರಕಾರ ನಮ್ಮ ವಿದ್ಯಾರ್ಥಿಗಳೂ ಸ್ಟ್ಯಾಂಡರ್ಡ್ ಡಿಡಕ್ಷನ್ (ಆದಾಯದಲ್ಲಿ ತೆರಿಗೆ ಇಲ್ಲದ ನಿಗದಿತ ಮೊತ್ತ) ತಗೋಬಹುದು, ಬೇರೆ ಎಷ್ಟೋ ದೇಶದವರಿಗೆ ಇದು ಇಲ್ಲ. 2024ರ ಲೆಕ್ಕದಲ್ಲಿ ಅದು 14,600 ಡಾಲರ್. ಇಡೀ ವರ್ಷದ ಆದಾಯ ಅದಕ್ಕಿಂತ ಕಡಿಮೆ ಇದ್ದರೆ 1040-ಎನ್ಆರ್ ಅನ್ನುವ ತೆರಿಗೆ ಫಾರ್ಮ್ ತುಂಬಿ ಹಿಡಿದದ್ದನ್ನು ವಾಪಸ್ ಪಡೆಯಬಹುದು. ಹಳೇದಾದರೂ ಮೂರು ವರ್ಷದೊಳಗೆ ಕೇಳಬಹುದು. ನನಗೆ ಗೊತ್ತಾದಾಗ ನಾಲ್ಕನೇ ವರ್ಷ!

ಇಷ್ಟೆಲ್ಲ ನಿನ್ನ ಹೊಟ್ಟೆಪಾಡಿನ ದುಡ್ಡು. ಪ್ರಾಜೆಕ್ಟಿನ ಖರ್ಚು ಬೇರೆ: ಕೆಮಿಕಲ್, ಉಪಕರಣ, ಫೀಲ್ಡಿಗೆ ಓಡಾಟ. ಸಿಗ್ಮಾ ಕ್ಸೈ ಅನ್ನುವ ವಿಜ್ಞಾನಿಗಳ ಸಂಘ 1922ರಿಂದ ವಿದ್ಯಾರ್ಥಿಗಳಿಗೆ ಇಂಥ ಸಣ್ಣ ಗ್ರ್ಯಾಂಟ್ ಕೊಡುತ್ತಾ ಬಂದಿದೆ. ನಿನ್ನ ಗೈಡ್ ಅದರ ಸದಸ್ಯರಾ ಅಂತ ಕೇಳಿ ನೋಡು, ಆಗಿದ್ದರೆ ಅನುಕೂಲ. ಎರಡು ವರ್ಷ ಮುಗಿದ ಮೇಲೆ ಡಿಎಎಡಿ ಅನ್ನುವ ಜರ್ಮನಿಯ ವಿದ್ಯಾರ್ಥಿ ವಿನಿಮಯ ಸಂಸ್ಥೆಯ ರೈಸ್ ಪ್ರೋಗ್ರಾಮನ್ನೂ ನೋಡು. ಪಿಎಚ್‌ಡಿ ಮಾಡುತ್ತಿರುವವರ ಜೊತೆ ಬೇಸಿಗೆ ಪೂರ್ತಿ ಲ್ಯಾಬ್ ಕೆಲಸ. ಅಲ್ಲಿ ಮುಖ್ಯವಾಗಿ ನೋಡುವುದು ನೀನು ಯಾವ ದೇಶದ ಯೂನಿವರ್ಸಿಟಿಯಲ್ಲಿ ಓದ್ತಿದ್ದೀಯ ಅನ್ನುವುದನ್ನು.

ಅರ್ಜಿಯಲ್ಲಿ ಕ್ಯಾನ್ಸರ್ ಗುಣಪಡಿಸುತ್ತೇನೆ ಅಂತ ಬರೆಯಬೇಡ. ಹತ್ತು ವಾರದಲ್ಲಿ ಮುಗಿಯುವಂಥ ಒಂದೇ ಪ್ರಶ್ನೆ ಇರಲಿ. ಮೂರನೇ ವಾರಕ್ಕೆ ಏನು ಮುಗಿದಿರುತ್ತದೆ, ಪ್ರಯೋಗ ಕೈಕೊಟ್ಟರೆ ಮುಂದೇನು, ಇದನ್ನು ಬರೆ. ಬಜೆಟ್ಟಿನಲ್ಲಿ ‘ಇತರೆ ಖರ್ಚು’ ಅಂತ ದೊಡ್ಡ ಮೊತ್ತ ಹಾಕಬೇಡ, ಅದೇ ಮೊದಲು ಕಣ್ಣಿಗೆ ಬೀಳುತ್ತದೆ. ಕರಡನ್ನು ಗೈಡ್‌ಗೆ ಎರಡು ವಾರ ಮೊದಲೇ ಕೊಡು, ಶಿಫಾರಸು ಪತ್ರವನ್ನೂ ಆಗಲೇ ಕೇಳು. ಬೇಸಿಗೆಯ ಎಷ್ಟೋ ಪ್ರೋಗ್ರಾಂಗಳ ಗಡುವು ಜನವರಿ-ಫೆಬ್ರವರಿಯಲ್ಲೇ ಮುಗಿಯುತ್ತದೆ, ಹಾಗಾಗಿ ಈ ಸಲ ಕ್ಯಾಂಪಸ್ಸಿನೊಳಗಿನದ್ದೇ ನಿನಗೆ ಉಳಿದಿರುವುದು.

ಈ ವಾರ ಮೂರು ಪ್ರೊಫೆಸರ್‌ಗಳಿಗೆ ಇಮೇಲ್ ಬರೆ. ಎಲ್ಲರಿಗೂ ಒಂದೇ ಇಮೇಲ್ ಬೇಡ. ಅವರ ಒಂದು ಪೇಪರ್ ಓದಿ, ಅದರಲ್ಲಿ ನಿನಗೆ ಅರ್ಥವಾಗದ ಒಂದು ವಿಷಯ ಕೇಳು. ಎಂಟು ಸಾಲು ಸಾಕು. ‘ರೆಸ್ಪೆಕ್ಟೆಡ್ ಸರ್’ ತೆಗೆದುಹಾಕು, ‘ಡಿಯರ್ ಪ್ರೊಫೆಸರ್’ ಅಂದರೆ ಆಯಿತು. ಕಳಿಸುವ ಮುಂಚೆ ಬೇಕಾದರೆ ನನಗೆ ತೋರಿಸು, ಶನಿವಾರ ನೋಡಿ ಹೇಳುತ್ತೇನೆ.